ಶೇಷ ಏಳು

ಕನ್ನಂಬಾಡಿಯ ಬಾಗಿಲು ತೆರೆದ ಮೂರನೆಯ ರಾತ್ರಿ
ಮಂಡ್ಯದ ಔಷಧ ಉಗ್ರಾಣದಲ್ಲಿ
ನಾನು, ಒಂದು ಟ್ಯೂಬ್‌ಲೈಟು, ನೂರಮೂವತ್ತೇಳು ಸೀಸೆ.
ಹೊಳೆ ಬಿಲಕ್ಕೆ ನುಗ್ಗಿದೆ. ಬಿಲದವರು
ಮನೆಗೆ ನುಗ್ಗಿದ್ದಾರೆ: ಒಲೆಯ ಹಿಂದೆ, ಸೌದೆಯ ಸಂದಿಗೆ,
ಮಡಿಸಿಟ್ಟ ಕೌದಿಯ ಬೆಚ್ಚನೆಯ ಮಡಿಕೆಗೆ.
ಮುಂದಿನ ಲಾರಿ ಗುರುವಾರ.
ಇವತ್ತು ಸೋಮವಾರ.

ಕಚ್ಚಿಸಿಕೊಂಡವರಿಗೆ ಮೊದಲ ಪಾಲು ಹತ್ತು ಸೀಸೆ.
ಕಡಿಮೆ ಕೊಟ್ಟರೆ
ಕೊಟ್ಟೆವೆಂಬ ಸಮಾಧಾನ ನಮಗೆ, ವಿಷಕ್ಕಲ್ಲ.

ಭಾಜ್ಯ, ಭಾಜಕ, ಭಾಗಲಬ್ಧ,
ಕಡೆಗೆ ಬುಡದಲ್ಲಿ ಶೇಷ.
ಅದು ಯಾರ ಪಾಲಿಗೂ ಹೋಗದೆ
ಸುರುಳಿ ಸುತ್ತಿ ಮಲಗುತ್ತೆ ಕಣ್ರೋ, ಅಂದಿದ್ದರು
ಶೆಟ್ಟಹಳ್ಳಿ ಮೇಷ್ಟ್ರು, ಸೀಮೆಸುಣ್ಣದ ಕೈಯನ್ನು
ಹೆಡೆಯಂತೆ ಎತ್ತಿ. ನಾವು ಬೆಂಚು ಕುಟ್ಟಿ ನಕ್ಕಿದ್ದೆವು.

ಸಂಜೆಯ ಸಭೆಯಲ್ಲಿ ಎಲ್ಲರ ಬಾಯಲ್ಲೂ ಸಮಪಾಲು.
ಆರು ತಾಲ್ಲೂಕು, ತಲಾ ಇಪ್ಪತ್ತೆರಡು,
ಯಾರೂ ಯಾರ ಮೇಲೂ ದೂರುವಂತಿಲ್ಲ.
ನಾನು ಎದ್ದು ನಿಂತೆ. ಇಪ್ಪತ್ತೆರಡೆಂದರೆ ಇಬ್ಬರು ಸಾರ್,
ಮಿಕ್ಕ ಎರಡು ಸೀಸೆ ಆರೂ ಕಡೆ
ಯಾರ ಪ್ರಾಣಕ್ಕೂ ಸಾಲದೆ ಕೂರುತ್ತವೆ.
ಯಾರೋ ಕೆಮ್ಮಿದರು. ಚಹಾ ಬಂತು.
ಸರಿ, ನೀವೇ ಹಂಚಿ, ಸಹಿ ನಿಮ್ಮದೇ ಇರಲಿ, ಎಂದರು.

ಹತ್ತು ವರ್ಷದ ರಿಜಿಸ್ಟರು ಬಿಡಿಸಿದೆ.
ಎಷ್ಟು ಜನಕ್ಕೆ ಕಚ್ಚಬಹುದು, ಎಷ್ಟು ನಿಮಿಷದ ದಾರಿ,
ಯಾವ ಸೇತುವೆ ನೀರೊಳಗೆ.
ಮಳವಳ್ಳಿಗೆ ಐವತ್ತು. ಪಾಂಡವಪುರಕ್ಕೆ ಮೂವತ್ತು.
ಪೇಟೆಗೂ ಮದ್ದೂರಿಗೂ ಇಪ್ಪತ್ತಿಪ್ಪತ್ತು.
ನಾಗಮಂಗಲ ಮೇಲುನಾಡು, ಹೊಳೆಯ ಗೊಡವೆಯಿಲ್ಲ:
ಲೆಕ್ಕದ ಪ್ರಕಾರ ಅಲ್ಲಿಗೆ ಬರಬೇಕಾದ್ದು
ಅರ್ಧ ಮನುಷ್ಯ.
ಅರ್ಧಕ್ಕೆ ಸೀಸೆಯಿಲ್ಲ. ಹತ್ತು ಬರೆದೆ.

ಶ್ರೀರಂಗಪಟ್ಟಣಕ್ಕೆ ಸೊನ್ನೆ.

ಪೆನ್ನು ಅಲ್ಲಿ ನಿಂತಿತು.
"ಒಳೆ ಬಂದಿರಾದೇ ಅಲ್ಲಿ, ಪಟ್ಣುಕ್ಕೇ ಸೊನ್ನೆ ಬುಟ್ರಲ್ಲಾ ಮೇಡಂ?"
ಜೀಪಿನ ಬೋರಲಿಂಗನ ಊರು ಅದೇ.
ಅಲ್ಲಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಅರ್ಧ ಗಂಟೆ,
ಹೈವೇ ಇನ್ನೂ ತೆರೆದಿದೆ, ಅಂದೆ.
ಅವನು ಒಪ್ಪಲಿಲ್ಲ. ಡಬ್ಬ ಮಾತ್ರ ಹೊತ್ತ.
ಅಲ್ಲಿ ಶೇಷನ ಮೇಲೆ ಮಲಗಿದವನು
ನೀರು ಮೆಟ್ಟಿಲೇರುವ ಸದ್ದಿಗೂ ಮಗ್ಗುಲು ಬದಲಿಸಲಿಲ್ಲವಂತೆ.

ನೂರಮೂವತ್ತು ಹೋಯಿತು. ಉಳಿದದ್ದು ಏಳು.
ಥರ್ಮೊಕೋಲು ಪೆಟ್ಟಿಗೆಯಲ್ಲಿಟ್ಟು ಜೀಪಿಗೆ ಕೊಟ್ಟೆ:
ನೀನು ರಸ್ತೆಯಲ್ಲೇ ಇರು, ಫೋನು ಬಂದ ಕಡೆ ತಿರುಗು.

ಮಂಗಳವಾರ ಬೆಳಗಿನ ಜಾವ ಮೂರೂವರೆ.
ನಾಗಮಂಗಲ.
ದೇವೀರಮ್ಮ, ಬಚ್ಚಲಲ್ಲಿ ಕಾಲಿಟ್ಟಳಂತೆ, ಕೊಳಕುಮಂಡಲ.
ಹತ್ತೂ ಅವಳ ನರಕ್ಕೆ ಇಳಿದ ಮೇಲೆ
ಟ್ರ್ಯಾಕ್ಟರು ರಿಪೇರಿಯ ಹುಡುಗ ಮರಿಲಿಂಗ,
ಶೆಡ್ಡಿನಲ್ಲಿ ಮಲಗಿದ್ದವನಿಗೆ ಕಟ್ಟುಹಾವು,
ಕಚ್ಚಿದ್ದೇ ತಿಳಿದಿಲ್ಲ, ರೆಪ್ಪೆ ಮಾತ್ರ ಏಳುತ್ತಿಲ್ಲ.
ಅರ್ಧ ಮನುಷ್ಯನ ಜಾಗದಲ್ಲಿ ಇಬ್ಬರು.
ಡಾಕ್ಟರು ತಬಸ್ಸುಮ್ ಫೋನಿನಲ್ಲಿ ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
ಚೀಲ ಒತ್ತಿ ಒತ್ತಿ ಉಸಿರು ಕೊಡ್ತಿದೀನಿ,
ಎಷ್ಟು ಹೊತ್ತು ಹೇಳಿ, ಅಂದರು.
ಬೋರಲಿಂಗ ಆಗ ಮಳವಳ್ಳಿಯ ದಿಕ್ಕಿನಲ್ಲಿದ್ದ.
ಅವನು ಗೇಟು ಮುಟ್ಟಿದಾಗ
ಯಾರೋ ಹುಡುಗನ ಚಪ್ಪಲಿಯನ್ನು ಕವರಿಗೆ ಹಾಕುತ್ತಿದ್ದರು.

ಗುರುವಾರ ಲಾರಿ ಬಂತು.
ಪಟ್ಟಣದ ಕಡೆ ನಾಲ್ವರಿಗೆ ಕಚ್ಚಿತ್ತು,
ನಾಲ್ವರೂ ಮೈಸೂರು ಸೇರಿ, ಎಳನೀರು ಕುಡಿದು,
ಮನೆಗೆ ಹೋದರು. ಸೊನ್ನೆಯ ವಿಷಯ ಅವರಿಗೆ ಗೊತ್ತಿಲ್ಲ.
ಮಳವಳ್ಳಿಯಲ್ಲಿ ಹತ್ತು ಹಾಗೇ ಉಳಿದಿತ್ತು.
ಪೆಟ್ಟಿಗೆಯ ಏಳೂ ಒಡೆಯದೆ ವಾಪಸು.

ಎಲ್ಲರೂ ಲೆಕ್ಕ ಸರಿಯಾಯಿತೆಂದರು. ಸರಿಯೇ.
ಸಮಪಾಲಾಗಿದ್ದರೆ ಮಳವಳ್ಳಿಯಲ್ಲೇ ಎರಡು ಹೋಗುತ್ತಿದ್ದವು,
ಮರಿಲಿಂಗ ಉಳಿಯುತ್ತಿದ್ದ.
ಇದನ್ನು ಅವನ ತಾಯಿಗೆ ಹೇಳಲು
ನಾಗಮಂಗಲದ ಬಸ್ಸು ಎರಡು ಸಲ ಹತ್ತಿ
ಎರಡು ಸಲವೂ ಜಕ್ಕನಹಳ್ಳಿಯಲ್ಲಿ ಇಳಿದಿದ್ದೇನೆ.

ಮುಂದಿನ ಮಳೆಗಾಲದ ಹಾಳೆಯಲ್ಲಿ
ನಾಗಮಂಗಲದ ಸಾಲಿನ ಅರ್ಧವನ್ನು ಅಳಿಸಿ
ಒಂದು ಎಂದು ಬರೆದೆ.
ಒಟ್ಟು ಬದಲಾಗುವುದಿಲ್ಲ.
ಆ ಇನ್ನರ್ಧವನ್ನು
ಯಾವುದಾದರೂ ಊರಿಂದ ಕಳೆಯಬೇಕು.

ಸೀಸದಕಡ್ಡಿ ಕೈಯಲ್ಲಿದೆ.
ಊರುಗಳ ಹೆಸರು ಮೇಲಿಂದ ಕೆಳಕ್ಕೆ ಓದುತ್ತಿದ್ದೇನೆ.